ಮಲಾಡಿನಿಂದ ತಾತಗುಣಿಗೆ: ದೇವಿಕಾರಾಣಿಯವರ ವೃತ್ತಿಜೀವನದ ಒಂದು ಪರಾಮರ್ಶೆ

೧

ಚಲಚ್ಚಿತ್ರರಂಗದಲ್ಲಿ ಸಲ್ಲಿಸಿದ ಜೀವಮಾನದ ಸೇವೆಯನ್ನು ಮನ್ನಿಸಿ ಭಾರತ ಸರಕಾರವು ಕೊಡುವ ದಾದಾಸಾಹೇಬ ಫಾಳ್ಕೆ ಪ್ರಶಸ್ತಿಯು ಮೊಟ್ಟಮೊದಲಿಗೆ, ೧೯೬೯ನೆಯ ವರ್ಷಕ್ಕಾಗಿ, ಸಂದದ್ದು ಶ್ರೀಮತಿ ದೇವಿಕಾರಾಣಿ ರೋರಿಚ್ ಅವರಿಗೆ. ಒಂದು ಫಲಕ, ಒಂದು ಶಾಲು, ೧೧,೦೦೦ ರೂಪಾಯಿ ನಗದು—ಇವು ಅಂದಿನ ಗೌರವದ ಬಾಹ್ಯ ರೂಪ. ಅದಕ್ಕೂ ಹಿಂದೆ, ೧೯೫೮ರಲ್ಲಿ, ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆತಿತ್ತು. ಫಾಳ್ಕೆ ಪ್ರಶಸ್ತಿಯ ವೇಳೆಗೆ ಅವರು ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿ ತೋಟದೊಡತಿಯಾಗಿ ನೆಲಸಿದ್ದರು. ಬೆಳ್ಳಿತೆರೆಯ ನಂಟು ಕಡಿದು ಕಾಲು ಶತಮಾನ ಕಳೆದಿತ್ತು.

ಇಲ್ಲಿ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅವರು ನಟಿಯಾಗಿ ದುಡಿದದ್ದು ೧೯೩೩ರಿಂದ ೧೯೪೩ರವರೆಗೆ, ಹತ್ತೇ ವರ್ಷ. ಅಭಿನಯಿಸಿದ ಚಿತ್ರಗಳು ಹದಿನೈದರ ಆಸುಪಾಸು. ಇದಕ್ಕಿಂತ ದೀರ್ಘಕಾಲ ದುಡಿದ, ಇದಕ್ಕಿಂತ ಹೆಚ್ಚು ಬಗೆಯ ಪಾತ್ರಗಳನ್ನು ನಿರ್ವಹಿಸಿದ ನಟಿಯರು ಆಗಲೇ ಹಲವರಿದ್ದರು. ಹಾಗಿರುವಾಗ ಜೀವಮಾನದ ಸೇವೆಗೆಂದು ಏರ್ಪಟ್ಟ ಪ್ರಶಸ್ತಿಯು ಮೊದಲು ಇವರಿಗೇಕೆ ಸಂದಿತು?

ಮುಂಬಯಿಯ ಜನಪ್ರಿಯ ಬರವಣಿಗೆಯಲ್ಲಿ ದೇವಿಕಾರಾಣಿಯವರ ಹೆಸರು ಬಂದಾಗಲೆಲ್ಲ ಅವರ ಸೌಂದರ್ಯದ ವರ್ಣನೆಯೂ, ‘ಕರ್ಮ’ ಚಿತ್ರದ ಚುಂಬನದೃಶ್ಯದ ಪ್ರಸ್ತಾಪವೂ ತಪ್ಪದೆ ಬರುತ್ತವೆ. ಬೆಂಗಳೂರಿನ ಪತ್ರಿಕೆಗಳಲ್ಲಿ ಅದೇ ಹೆಸರು ತಾತಗುಣಿಯ ತೋಟದ ವ್ಯಾಜ್ಯದೊಡನೆ ಬೆಸೆದುಕೊಂಡಿದೆ. ಈ ಎರಡು ನೆನಪುಗಳ ನಡುವೆ ಒಂದು ಮುಖ್ಯ ಸಂಗತಿ ಮರೆಯಾಗಿದೆ. ದೇವಿಕಾರಾಣಿಯವರು ಮುಂಬಯಿಯ ಉಪನಗರವೊಂದರಲ್ಲಿ ನೂರಾರು ಜನರಿಗೆ ಅನ್ನ ಕೊಡುತ್ತಿದ್ದ ಕೂಡುಬಂಡವಾಳದ ಕಂಪೆನಿಯೊಂದನ್ನು ಕಟ್ಟುವುದರಲ್ಲಿ ಭಾಗಿಯಾದವರು. ಯುದ್ಧಕಾಲದ ಅತ್ಯಂತ ಬಿಕ್ಕಟ್ಟಿನ ಐದು ವರ್ಷ ಅದರ ಚುಕ್ಕಾಣಿ ಹಿಡಿದವರು. ಪ್ರಶಸ್ತಿಯ ಔಚಿತ್ಯವನ್ನು ಈ ಕಾರ್ಯದಲ್ಲಿಯೇ ಹುಡುಕಬೇಕೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ವೃತ್ತಿಯಿಂದ ಬ್ಯಾಂಕಿನ ಲೆಕ್ಕಪತ್ರಗಳೊಡನೆ ವ್ಯವಹರಿಸುವ ಈ ಲೇಖಕನಿಗೆ ಚಿತ್ರಗಳ ಗುಣದೋಷಗಳಷ್ಟೇ ಆ ಚಿತ್ರಗಳ ಹಿಂದಿನ ಹಣಕಾಸಿನ ಏರ್ಪಾಡೂ ಕುತೂಹಲಕರವಾಗಿ ಕಂಡಿದ್ದರೆ ವಾಚಕರು ಮನ್ನಿಸಬೇಕು.

೨

ದೇವಿಕಾರಾಣಿಯವರು ಹುಟ್ಟಿದ್ದು ೧೯೦೮ರ ಮಾರ್ಚ್ ೩೦ರಂದು, ವಿಶಾಖಪಟ್ಟಣದ ಬಳಿಯ ವಾಲ್ಟೇರಿನಲ್ಲಿ. ತಂದೆ ಕರ್ನಲ್ ಮನ್ಮಥನಾಥ ಚೌಧರಿಯವರು ಮದರಾಸು ಪ್ರಾಂತದ ಸರ್ಜನ್ ಜನರಲ್ ಹುದ್ದೆಗೇರಿದ ಮೊದಲ ಭಾರತೀಯರು. ಮನೆತನಕ್ಕೆ ರವೀಂದ್ರನಾಥ ಠಾಕೂರರ ಬಂಧುತ್ವವಿತ್ತು. ಬಾಲ್ಯದಲ್ಲಿಯೇ ಅವರನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಅಲ್ಲಿ ಅವರು ನಾಟ್ಯಕಲೆ, ಸಂಗೀತ ಇವುಗಳ ಜೊತೆಗೆ ವಾಸ್ತುವಿನ್ಯಾಸ ಮತ್ತು ಬಟ್ಟೆಯ ವಿನ್ಯಾಸವನ್ನೂ ಅಭ್ಯಾಸ ಮಾಡಿದರು. ಈ ಕಡೆಯ ಎರಡು ವಿಷಯಗಳನ್ನು ಜೀವನಚರಿತ್ರಕಾರರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಆದರೆ ಚಿತ್ರಕ್ಷೇತ್ರಕ್ಕೆ ಅವರ ಪ್ರವೇಶ ಆ ಬಾಗಿಲಿನಿಂದಲೇ ಆಯಿತೆಂಬುದು ಗಮನಾರ್ಹ. ೧೯೨೮ರಲ್ಲಿ ಲಂಡನ್ನಿನಲ್ಲಿ ಹಿಮಾಂಶು ರಾಯರ ಪರಿಚಯವಾದಾಗ ಅವರು ದೇವಿಕಾರಾಣಿಯವರನ್ನು ಕರೆದದ್ದು ನಾಯಿಕೆಯ ಪಾತ್ರಕ್ಕಲ್ಲ. ‘ಪ್ರಪಂಚ ಪಾಶ’ವೆಂಬ ಮೂಕಚಿತ್ರದ ಉಡುಗೆತೊಡುಗೆ ಮತ್ತು ಅಲಂಕರಣದ ಕೆಲಸಕ್ಕೆ. ೧೯೨೯ರಲ್ಲಿ ಅವರಿಬ್ಬರ ವಿವಾಹವಾಯಿತು.

ಹಿಮಾಂಶು ರಾಯರು ಆ ವೇಳೆಗೆ ‘ಲೈಟ್ ಆಫ್ ಏಷಿಯಾ’ (೧೯೨೫), ‘ಶೀರಾಜ್’ (೧೯೨೮) ಎಂಬ ಚಿತ್ರಗಳನ್ನು ಜರ್ಮನ್ ನಿರ್ದೇಶಕ ಫ್ರಾಂಜ್ ಆಸ್ಟನ್ ಅವರ ಸಹಕಾರದಿಂದ ತಯಾರಿಸಿ ಯುರೋಪಿನಲ್ಲಿ ಹೆಸರು ಪಡೆದಿದ್ದರು. ದಂಪತಿಗಳು ಬರ್ಲಿನ್ನಿಗೆ ಹೋಗಿ ಅಲ್ಲಿನ ಊಫಾ ಸ್ಟುಡಿಯೋದ ಕಾರ್ಯವಿಧಾನವನ್ನು ಹತ್ತಿರದಿಂದ ಕಂಡರು. ದೇವಿಕಾರಾಣಿಯವರು ಅಲ್ಲಿ ಬರಿಯ ಅಭಿನಯವನ್ನಲ್ಲದೆ ಪ್ರಸಾಧನ, ದೃಶ್ಯಸಜ್ಜೆ ಮೊದಲಾದ ಅಂಗಗಳನ್ನೂ ಕಲಿತರು. ಇದರ ಫಲವಾಗಿ ಬಂದದ್ದು ೧೯೩೩ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿತವಾದ ‘ಕರ್ಮ’. ಇಂಗ್ಲಿಷ್ ಮತ್ತು ಹಿಂದಿ ಎರಡು ಭಾಷೆಗಳಲ್ಲಿ ತಯಾರಾದ ಈ ವಾಕ್ಚಿತ್ರದಲ್ಲಿ ಅವರ ಇಂಗ್ಲಿಷ್ ಉಚ್ಚಾರಣೆಯನ್ನು ಲಂಡನ್ನಿನ ಪತ್ರಿಕೆಗಳು ಹೊಗಳಿದುವು. ಸ್ವದೇಶದಲ್ಲಿ ಮಾತ್ರ ಚಿತ್ರಕ್ಕೆ ಅಂಥ ಸ್ವಾಗತ ದೊರೆಯಲಿಲ್ಲ. ಅನ್ಯರ ಮೆಚ್ಚುಗೆಯೊಂದರಿಂದಲೇ ಉದ್ಯಮ ನಿಲ್ಲಲಾರದೆಂಬ ಪಾಠವನ್ನು ದಂಪತಿಗಳು ಆಗಲೇ ಕಲಿತಿರಬೇಕು. ಜರ್ಮನಿಯಲ್ಲಿ ಹಿಟ್ಲರನ ಆಳ್ವಿಕೆ ಪ್ರಾರಂಭವಾದದ್ದೂ ಅದೇ ವರ್ಷ. ಅವರು ಮುಂಬಯಿಗೆ ಮರಳಿದರು.

೩

೧೯೩೪ನೆಯ ಇಸವಿಯು ಕನ್ನಡಿಗರಿಗೆ ಇನ್ನೊಂದು ಕಾರಣದಿಂದ ಸ್ಮರಣೀಯವಾದುದು. ಕನ್ನಡದ ಮೊದಲ ವಾಕ್ಚಿತ್ರ ‘ಸತೀ ಸುಲೋಚನಾ’ ತೆರೆಕಂಡದ್ದು ಆ ವರ್ಷದ ಮಾರ್ಚ್ ತಿಂಗಳಿನಲ್ಲಿ. ಬೆಂಗಳೂರಿನಲ್ಲಿ ಹಣ ಹೂಡಿದವರು ಚಮನ್‌ಲಾಲ್ ಡೂಂಗಾಜಿ ಎಂಬ ಮಾರವಾಡಿ ವರ್ತಕರು. ಚಿತ್ರೀಕರಣ ನಡೆದದ್ದು ಕೊಲ್ಲಾಪುರದ ಬಾಡಿಗೆಯ ಸ್ಟುಡಿಯೋದಲ್ಲಿ. ಒಬ್ಬ ವರ್ತಕನ ಧೈರ್ಯ, ಒಂದು ನಾಟಕ ಮಂಡಳಿಯ ಕಲಾವಿದರು, ಬೇರೆ ಪ್ರಾಂತದ ಸ್ಟುಡಿಯೋ—ಈ ಮೂರರ ಆಧಾರದ ಮೇಲೆ ನಮ್ಮ ಚಿತ್ರೋದ್ಯಮ ಅನೇಕ ವರ್ಷ ನಡೆಯಿತು. ಭಾರತದ ಬಹುಪಾಲು ಚಿತ್ರಗಳು ತಯಾರಾಗುತ್ತಿದ್ದ ರೀತಿಯೂ ಹೆಚ್ಚು ಕಡಿಮೆ ಅದೇ. ಒಂದು ಚಿತ್ರಕ್ಕೆ ಖಾಸಗಿ ಸಾಹುಕಾರನಿಂದ ದುಬಾರಿ ಬಡ್ಡಿಯ ಸಾಲ. ಅದು ಗೆದ್ದರೆ ಮುಂದಿನದು, ಸೋತರೆ ಬಾಗಿಲು ಮುಚ್ಚುವುದು. ಬ್ಯಾಂಕುಗಳು ಇತ್ತ ತಲೆ ಹಾಕುತ್ತಿರಲಿಲ್ಲ. ಚಿತ್ರನಿರ್ಮಾಣಕ್ಕೆ ‘ಉದ್ಯಮ’ವೆಂಬ ಮಾನ್ಯತೆಯನ್ನು ಭಾರತ ಸರಕಾರವು ಕೊಟ್ಟದ್ದು ೧೯೯೮ರಲ್ಲಿ ಎಂಬುದನ್ನು ನೆನೆದರೆ ಅಂದಿನ ಪರಿಸ್ಥಿತಿಯ ಕಲ್ಪನೆ ಬಂದೀತು.

ಇಂಥ ಕಾಲದಲ್ಲಿ, ೧೯೩೪ರಲ್ಲಿಯೇ, ‘ಬಾಂಬೇ ಟಾಕೀಸ್ ಲಿಮಿಟೆಡ್’ ಎಂಬ ಸಂಸ್ಥೆಯು ಮಲಾಡಿನಲ್ಲಿ ಸ್ಥಾಪಿತವಾಯಿತು. ಅದರ ಅಧಿಕೃತ ಬಂಡವಾಳ ೨೫ ಲಕ್ಷ ರೂಪಾಯಿ. ಸರ್ ಚಿಮನ್‌ಲಾಲ್ ಸೆಟಲ್ವಾಡ್, ಸರ್ ಫಿರೋಜ್ ಸೇಠ್ನಾ, ಎಫ್. ಇ. ದಿನ್‌ಶಾ ಅವರಂತಹ ಮುಂಬಯಿಯ ವ್ಯಾಪಾರ-ನ್ಯಾಯ ಕ್ಷೇತ್ರಗಳ ಪ್ರತಿಷ್ಠಿತರು ಅದರ ಆಡಳಿತಕ್ಕೆ ತಮ್ಮ ಹೆಸರು ಕೊಟ್ಟರು. ದಿನ್‌ಶಾ ಅವರ ಮಲಾಡಿನ ಬಂಗಲೆಯ ಆವರಣವೇ ಸ್ಟುಡಿಯೋ ಆಯಿತು. ಈ ಏರ್ಪಾಡಿನ ಮಹತ್ವವನ್ನು ದಕ್ಷಿಣ ಕನ್ನಡದಿಂದ ಬಂದ ವಾಚಕರಿಗೆ ವಿವರಿಸಬೇಕಾಗಿಲ್ಲ. ಮಂಗಳೂರು, ಉಡುಪಿಗಳಲ್ಲಿ ೧೯೦೬ರಲ್ಲಿಯೂ, ಮತ್ತೆ ಉಡುಪಿಯಲ್ಲಿ ೧೯೨೫ರಲ್ಲಿಯೂ ನಮ್ಮ ಹಿರಿಯರು ಸಣ್ಣ ಸಣ್ಣ ಉಳಿತಾಯಗಳನ್ನು ಒಗ್ಗೂಡಿಸಿ ಬ್ಯಾಂಕುಗಳನ್ನು ಕಟ್ಟಿದ್ದು ಇದೇ ತತ್ತ್ವದ ಮೇಲೆ. ಒಬ್ಬನ ಹಣ ಒಬ್ಬನೊಡನೆ ಮುಗಿಯುತ್ತದೆ. ಶೇರುಗಳ ಮೂಲಕ ಕೂಡಿದ ಹಣಕ್ಕೆ ಲೆಕ್ಕಪತ್ರ ಇಡಬೇಕಾಗುತ್ತದೆ, ಸಭೆ ಕರೆಯಬೇಕಾಗುತ್ತದೆ, ಭಾಗೀದಾರರಿಗೆ ಉತ್ತರ ಹೇಳಬೇಕಾಗುತ್ತದೆ. ಸಿನಿಮಾ ಎಂದರೆ ಮರ್ಯಾದಸ್ಥರು ಮೂಗು ಮುರಿಯುತ್ತಿದ್ದ ದಿನಗಳಲ್ಲಿ ಅದನ್ನು ಗಿರಣಿಯಂತೆ, ಬ್ಯಾಂಕಿನಂತೆ ಒಂದು ಲೆಕ್ಕಬದ್ಧ ವ್ಯವಹಾರವನ್ನಾಗಿ ಮಾಡಹೊರಟದ್ದು ಸಾಮಾನ್ಯ ಸಾಹಸವಲ್ಲ.

ತಾಂತ್ರಿಕ ಹೊಣೆಯನ್ನು ಆಸ್ಟನ್, ಛಾಯಾಗ್ರಾಹಕ ಯೋಸೆಫ್ ವಿರ್ಶಿಂಗ್, ದೃಶ್ಯವಿನ್ಯಾಸಕ ಕಾರ್ಲ್ ಫಾನ್ ಸ್ಪ್ರೇತಿ ಮೊದಲಾದ ಜರ್ಮನರು ಹೊತ್ತರು. ಅವರ ಕೈಕೆಳಗೆ ಭಾರತೀಯ ತರುಣರು ಕೆಲಸ ಕಲಿಯಬೇಕೆಂಬುದು ಯೋಜನೆ. ಪದವೀಧರರನ್ನು ಆರಿಸಿ ತೆಗೆದುಕೊಳ್ಳುವ ಪದ್ಧತಿ ಬಂದಿತು. ಕ್ಯಾಂಟೀನಿನಲ್ಲಿ ಎಲ್ಲ ಜಾತಿಯವರೂ ಒಟ್ಟಿಗೆ ಕುಳಿತು ಊಟ ಮಾಡುತ್ತಿದ್ದರು. ಅಂದಿನ ಕಾಲಕ್ಕೆ ಇದು ಅಲ್ಪ ಸಂಗತಿಯಲ್ಲ.

ಆದರೆ ಹೆಂಗಸರು ಕೆಲಸಕ್ಕೆ ಬರಬೇಕಾದರೆ ಕ್ಯಾಂಟೀನಷ್ಟೇ ಸಾಲದು. ಮೊದಲ ಚಿತ್ರ ‘ಜವಾನೀ ಕೀ ಹವಾ’ (೧೯೩೫) ತಯಾರಾದಾಗ ಖುರ್ಶೀದ್ ಮಿನೋಚರ್-ಹೋಮ್‌ಜಿ ಎಂಬ ಪಾರ್ಸಿ ತರುಣಿ ಅದರ ಸಂಗೀತ ನಿರ್ದೇಶಕಿ. ಅವರ ಸೋದರಿ ಅದರಲ್ಲಿ ನಟಿ. ಪಾರ್ಸಿ ಸಮಾಜದ ಮುಂದಾಳುಗಳಿಂದ ಉಗ್ರವಾದ ಪ್ರತಿಭಟನೆ ಬಂದಿತು. ಸೋದರಿಯರು ಸರಸ್ವತೀ ದೇವಿ, ಚಂದ್ರಪ್ರಭಾ ಎಂಬ ಹೆಸರುಗಳನ್ನು ತಳೆದರು. ಸಂಸ್ಥೆಯು ಅವರನ್ನು ಬಿಟ್ಟುಕೊಡಲಿಲ್ಲ. ಸರಸ್ವತೀ ದೇವಿಯವರು ಮುಂದೆ ಹಲವು ವರ್ಷ ಮಲಾಡಿನ ಚಿತ್ರಗಳಿಗೆ ಸಂಗೀತ ಕೊಟ್ಟರು. ಠಾಕೂರರ ಬಂಧುವರ್ಗದ, ವಿಲಾಯತಿಯಲ್ಲಿ ಕಲಿತ ಹೆಣ್ಣುಮಗಳೊಬ್ಬಳು ಕಂಪೆನಿಯ ಮುಖ್ಯ ನಟಿಯೂ ಯಜಮಾನರ ಪತ್ನಿಯೂ ಆಗಿದ್ದುದು ಇತರ ಮನೆತನಗಳ ಹೆಣ್ಣುಮಕ್ಕಳಿಗೆ ಒಂದು ಬಗೆಯ ಜಾಮೀನಾಯಿತೆಂದರೆ ತಪ್ಪಾಗಲಾರದು.

೪

ಇನ್ನು ಅವರ ಅಭಿನಯದ ವಿಚಾರ. ‘ಜೀವನ್ ನೈಯಾ’ (೧೯೩೬) ಚಿತ್ರದ ಕಾಲದಲ್ಲಿ ಅವರ ಸ್ವಂತ ಬಾಳಿನಲ್ಲಿ ಒಂದು ಬಿಕ್ಕಟ್ಟು ತಲೆದೋರಿ, ಮೊದಲು ಗೊತ್ತಾಗಿದ್ದ ನಾಯಕನಟನು ಸಂಸ್ಥೆಯಿಂದ ಹೊರಬಿದ್ದನು. ಅದರ ವಿವರಗಳು ನಮಗೆ ಬೇಕಾಗಿಲ್ಲ. ಆ ತೆರವಾದ ಸ್ಥಾನಕ್ಕೆ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿದ್ದ ಅಶೋಕ ಕುಮಾರ್ ಎಂಬ ಸಂಕೋಚಶೀಲ ತರುಣನನ್ನು ತಂದು ನಿಲ್ಲಿಸಲಾಯಿತೆಂಬುದು ಮಾತ್ರ ಚಿತ್ರೇತಿಹಾಸಕ್ಕೆ ಮುಖ್ಯ. ಅದೇ ವರ್ಷ ಇವರಿಬ್ಬರೂ ಅಭಿನಯಿಸಿದ ‘ಅಛೂತ್ ಕನ್ಯಾ’ ದೇಶದಾದ್ಯಂತ ಪ್ರಸಿದ್ಧಿ ಪಡೆಯಿತು. ನಿರಂಜನ ಪಾಲರ ಕಥೆಯ ಈ ಚಿತ್ರದಲ್ಲಿ ರೈಲ್ವೆ ಗೇಟು ಕಾಯುವ ಅಸ್ಪೃಶ್ಯನ ಮಗಳು ಕಸ್ತೂರಿಯೂ, ಬ್ರಾಹ್ಮಣ ತರುಣ ಪ್ರತಾಪನೂ ಪರಸ್ಪರ ಪ್ರೀತಿಸುತ್ತಾರೆ. ಜಾತಿಯ ಗೋಡೆ ದಾಟಲಾಗದೆ ಇಬ್ಬರಿಗೂ ಬೇರೆ ಬೇರೆ ಮದುವೆಯಾಗುತ್ತದೆ. ಕೊನೆಗೆ ಗೇಟಿನ ಬಳಿ ನಡೆಯುವ ಹೊಡೆದಾಟವನ್ನು ತಡೆಯಲು ಎದುರು ಬರುವ ರೈಲನ್ನು ನಿಲ್ಲಿಸಹೋದ ಕಸ್ತೂರಿ ಗಾಲಿಗೆ ಸಿಕ್ಕಿ ಸಾಯುತ್ತಾಳೆ.

ಈ ಚಿತ್ರವನ್ನು ಕನ್ನಡದ ವಾಚಕರು ಡಾ. ಶಿವರಾಮ ಕಾರಂತರ ‘ಚೋಮನ ದುಡಿ’ಯೊಡನೆ ಹೋಲಿಸಿ ನೋಡುವುದು ಉಪಯುಕ್ತ. ಕಾದಂಬರಿ ಪ್ರಕಟವಾದದ್ದು ೧೯೩೩ರಲ್ಲಿ, ಅಂದರೆ ಚಿತ್ರಕ್ಕಿಂತ ಮೂರು ವರ್ಷ ಮೊದಲು. ಚೋಮನಿಗೆ ಬೇಕಾದದ್ದು ಉಳುವ ನೆಲ. ಅವನ ದುಃಖದ ಬೇರು ಭೂಮಿಯ ಒಡೆತನದಲ್ಲಿದೆ, ಸಾಲದಲ್ಲಿದೆ. ಕಸ್ತೂರಿಯ ದುಃಖದ ಬೇರು ಪ್ರೇಮದಲ್ಲಿದೆ. ಕಾರಂತರು ಕಂಡಷ್ಟು ಆಳಕ್ಕೆ ಮಲಾಡಿನ ಚಿತ್ರವು ಇಳಿಯಲಿಲ್ಲ. ಕಸ್ತೂರಿಯನ್ನು ಕೊಂದು, ಬಳಿಕ ಅವಳನ್ನು ಪೂಜ್ಯಳನ್ನಾಗಿ ಮಾಡುವುದರಿಂದ ಸಮಾಜದ ಲೆಕ್ಕ ಚುಕ್ತಾ ಆಗುವುದಿಲ್ಲ. ದೇವಿಕಾರಾಣಿಯವರ ತಿದ್ದಿದ ಹುಬ್ಬು, ನುಣುಪಾದ ಪ್ರಸಾಧನ, ನಯವಾದ ಉಚ್ಚಾರಣೆಗಳು ಹಳ್ಳಿಯ ಹುಡುಗಿಗೆ ಹೊಂದುವುದಿಲ್ಲವೆಂಬ ಆಕ್ಷೇಪವೂ ನ್ಯಾಯವಾದದ್ದೇ. ಇಷ್ಟಾದರೂ ಗಾಂಧೀಜಿಯವರ ಹರಿಜನ ಯಾತ್ರೆಯ ನೆನಪು ಹಸಿಯಾಗಿದ್ದ ದಿನಗಳಲ್ಲಿ, ದೇಶದ ಅತ್ಯಂತ ಪ್ರತಿಷ್ಠಿತ ನಟಿಯು ಅಸ್ಪೃಶ್ಯ ಕನ್ಯೆಯಾಗಿ ತೆರೆಯ ಮೇಲೆ ಬಂದದ್ದರ ಪರಿಣಾಮವನ್ನು ಅಲ್ಲಗಳೆಯಲಾಗದು. ಜವಾಹರಲಾಲ ನೆಹರೂ ಮತ್ತು ಸರೋಜಿನಿ ನಾಯಿಡು ಅವರು ಈ ಚಿತ್ರವನ್ನು ನೋಡಲೆಂದು ಬಂದದ್ದೂ ಅದರ ವಿಷಯಕ್ಕಾಗಿ. ನಲವತ್ತು ವರ್ಷಗಳ ಬಳಿಕ, ೧೯೭೫ರಲ್ಲಿ, ಬಿ. ವಿ. ಕಾರಂತರು ‘ಚೋಮನ ದುಡಿ’ಯನ್ನು ತೆರೆಗೆ ತಂದು ರಾಷ್ಟ್ರದ ಅತ್ಯುನ್ನತ ಚಿತ್ರಪ್ರಶಸ್ತಿಯನ್ನು ಕನ್ನಡಕ್ಕೆ ಗಳಿಸಿಕೊಟ್ಟಾಗ, ಅದೇ ವಸ್ತುವಿಗೆ ಚಲಚ್ಚಿತ್ರವು ಸಲ್ಲಿಸಬಹುದಾದ ನ್ಯಾಯವೇನೆಂಬುದು ಸ್ಪಷ್ಟವಾಯಿತು.

‘ಜನ್ಮಭೂಮಿ’ (೧೯೩೬), ‘ಇಜ್ಜತ್’, ‘ಸಾವಿತ್ರಿ’, ‘ಜೀವನ್ ಪ್ರಭಾತ್’ (೧೯೩೭), ‘ನಿರ್ಮಲಾ’, ‘ವಚನ್’ (೧೯೩೮), ‘ದುರ್ಗಾ’ (೧೯೩೯)—ಹೀಗೆ ಚಿತ್ರಗಳು ಬಂದುವು. ಈ ಪಟ್ಟಿಯಿಂದ ಒಂದು ಅಂಶ ಹೊರಬೀಳುತ್ತದೆ: ವರ್ಷಕ್ಕೆ ಎರಡು ಮೂರು ಚಿತ್ರಗಳನ್ನು ನಿಯಮಿತವಾಗಿ ತಯಾರಿಸುವ ಶಿಸ್ತು ಅಲ್ಲಿತ್ತು. ಕಲಾವಿದರೂ ಕೆಲಸಗಾರರೂ ತಿಂಗಳ ಸಂಬಳದವರು. ಮುಖ್ಯ ನಟಿಗೂ ಅದೇ ಹಾಜರಿ, ಅದೇ ವೇಳಾಪಟ್ಟಿ. ನಟಿಯೆಂದರೆ ಕಂಪೆನಿಯ ಉದ್ಯೋಗಿಯೆಂಬ ಭಾವನೆಯನ್ನು ಮಲಾಡು ಬೇರೂರಿಸಿತು.

೫

೧೯೩೯ರ ಸೆಪ್ಟೆಂಬರಿನಲ್ಲಿ ಯುದ್ಧ ಪ್ರಾರಂಭವಾಯಿತು. ಜರ್ಮನ್ ಪ್ರಜೆಗಳಾದ ಆಸ್ಟನ್ ಮತ್ತು ವಿರ್ಶಿಂಗ್ ಅವರನ್ನು ಬ್ರಿಟಿಷ್ ಸರಕಾರವು ಬಂಧನ ಶಿಬಿರಕ್ಕೆ ಕಳುಹಿಸಿತು. ಸಂಸ್ಥೆಯ ನಿರ್ದೇಶಕ, ಛಾಯಾಗ್ರಾಹಕರಿಬ್ಬರೂ ಒಮ್ಮೆಲೇ ಇಲ್ಲವಾದರು. ಕೆಲಸದ ಒತ್ತಡದಿಂದ ಬಳಲಿದ ಹಿಮಾಂಶು ರಾಯರು ೧೯೪೦ರ ಮೇ ೧೬ರಂದು ತೀರಿಕೊಂಡರು. ಮೂವತ್ತೆರಡು ವರ್ಷದ ವಿಧವೆಯ ಮುಂದೆ ಇದ್ದದ್ದು ಒಂದು ಸ್ಟುಡಿಯೋ, ಶೇರುದಾರರ ಒಂದು ಸಭೆ, ಸಂಬಳದ ಒಂದು ಪಟ್ಟಿ. ಆ ಕಾಲದ ವಿಧವೆಗೆ ಸಮಾಜವು ತೋರಿಸುತ್ತಿದ್ದ ದಾರಿ ಬೇರೆ. ದೇವಿಕಾರಾಣಿಯವರು ನಿರ್ಮಾಣದ ಮೇಲ್ವಿಚಾರಣೆಯನ್ನು ವಹಿಸಿಕೊಂಡರು. ಶಶಧರ ಮುಖರ್ಜಿಯವರ ನೇತೃತ್ವದಲ್ಲಿ ಒಂದು ತಂಡ, ಅಮಿಯ ಚಕ್ರವರ್ತಿ ಮೊದಲಾದವರನ್ನೊಳಗೊಂಡು ದೇವಿಕಾರಾಣಿಯವರ ಕಡೆಯಲ್ಲಿ ಇನ್ನೊಂದು ತಂಡ, ಹೀಗೆ ಎರಡು ತಂಡಗಳು ಕೆಲಸ ಮಾಡತೊಡಗಿದುವು.

ಈ ವರ್ಷಗಳು ನಟಿಯ ಜೀವನಚರಿತ್ರೆಯಲ್ಲಿ ಬಡವಾಗಿ ಕಾಣುತ್ತವೆ. ‘ಅಂಜಾನ್’ (೧೯೪೧), ‘ಹಮಾರೀ ಬಾತ್’ (೧೯೪೩) ಇವೆರಡರ ಹೊರತು ಅವರು ತೆರೆಯ ಮೇಲೆ ಬಂದದ್ದು ಕಡಮೆ. ಆದರೆ ಸಂಸ್ಥೆಯ ಲೆಕ್ಕದಲ್ಲಿ ಇವೇ ಅತ್ಯಂತ ಸಮೃದ್ಧ ವರ್ಷಗಳು. ‘ಬಂಧನ್’ (೧೯೪೦), ‘ನಯಾ ಸಂಸಾರ್’, ‘ಝೂಲಾ’ (೧೯೪೧), ‘ಬಸಂತ್’ (೧೯೪೨), ‘ಕಿಸ್ಮತ್’ (೧೯೪೩) ಎಲ್ಲವೂ ಜಯಗಳಿಸಿದುವು. ‘ಕಿಸ್ಮತ್’ ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು.

ಇಲ್ಲಿ ಕನ್ನಡನಾಡಿನ ಇಬ್ಬರು ಹೆಣ್ಣುಮಕ್ಕಳ ಹೆಸರನ್ನು ಸ್ಮರಿಸುವುದು ನಮ್ಮ ಕರ್ತವ್ಯ. ದೇವಿಕಾರಾಣಿಯವರು ತೆರೆಯಿಂದ ಹಿಂದೆ ಸರಿಯುತ್ತಿದ್ದಂತೆ ಮಲಾಡಿನ ನಾಯಿಕೆಯಾಗಿ ಮುಂದೆ ಬಂದವರು ಲೀಲಾ ಚಿಟ್ನಿಸ್. ‘ಕಂಗನ್’ (೧೯೩೯), ‘ಬಂಧನ್’, ‘ಝೂಲಾ’ ಚಿತ್ರಗಳಲ್ಲಿ ಅಶೋಕ ಕುಮಾರರೊಡನೆ ಅಭಿನಯಿಸಿದ ಈ ಪದವೀಧರೆ ೧೯೦೯ರಲ್ಲಿ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಅಂತೆಯೇ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದ ಮನೆಮಾತಾದ ಅಮೀರಬಾಯಿ ಕರ್ನಾಟಕಿಯವರು ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯವರು. ಧಾರವಾಡ, ವಿಜಾಪುರಗಳು ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದುವು. ನಾಟಕ ಮಂಡಳಿಗಳೂ ರೈಲು ಗಾಡಿಗಳೂ ಹಾಕಿಕೊಟ್ಟ ದಾರಿ ಹುಬ್ಬಳ್ಳಿಯಿಂದ ಮಿರಜಿಗೆ, ಮಿರಜಿನಿಂದ ಪುಣೆ-ಮುಂಬಯಿಗಳಿಗೆ ಹೋಗುತ್ತಿತ್ತು. ಕನ್ನಡ ಚಿತ್ರೋದ್ಯಮಕ್ಕೆ ಒಂದು ಸ್ಥಿರವಾದ ಮನೆಯೇ ಇಲ್ಲದಾಗ ಈ ಪ್ರತಿಭೆಗಳಿಗೆ ತಿಂಗಳ ಸಂಬಳವನ್ನೂ ದೇಶವ್ಯಾಪಿ ಕೀರ್ತಿಯನ್ನೂ ಕೊಟ್ಟದ್ದು ಮಲಾಡಿನಂತಹ ಸಂಸ್ಥೆಗಳು. ಅಮೀರಬಾಯಿಯವರು ತಮ್ಮ ಹೆಸರಿನ ಕೊನೆಯಲ್ಲಿ ‘ಕರ್ನಾಟಕಿ’ ಎಂಬುದನ್ನು ಬಿಡದೆ ಉಳಿಸಿಕೊಂಡರು. ಕರ್ನಾಟಕವು ರಾಜಕೀಯವಾಗಿ ಒಂದಾಗುವುದಕ್ಕೆ ಎಷ್ಟೋ ಮೊದಲು ಆ ಹೆಸರು ಗ್ರಾಮಫೋನ್ ತಟ್ಟೆಗಳ ಮೇಲೆ ದೇಶವನ್ನೆಲ್ಲ ಸುತ್ತಿ ಬಂದಿತ್ತು.

ಜಯದ ನಡುವೆಯೇ ಬಿರುಕು ಕಾಣಿಸಿತು. ಎರಡು ತಂಡಗಳ ಪೈಪೋಟಿ ಆಡಳಿತದ ಜಗಳವಾಗಿ ಮಾರ್ಪಟ್ಟು, ೧೯೪೩ರಲ್ಲಿ ಶಶಧರ ಮುಖರ್ಜಿ, ಅಶೋಕ ಕುಮಾರ್, ಜ್ಞಾನ ಮುಖರ್ಜಿ, ರಾಯ್ ಬಹಾದ್ದೂರ್ ಚುನಿಲಾಲ್ ಮೊದಲಾದವರು ಹೊರನಡೆದು ನೆರೆಯ ಗೋರೆಗಾಂವಿನಲ್ಲಿ ‘ಫಿಲ್ಮಿಸ್ತಾನ್’ ಸಂಸ್ಥೆಯನ್ನು ಪ್ರಾರಂಭಿಸಿದರು. ಮುಖ್ಯ ನಾಯಕನಟನೂ, ‘ಕಿಸ್ಮತ್’ ಚಿತ್ರದ ನಿರ್ದೇಶಕನೂ ಒಟ್ಟಿಗೆ ಹೋದರು. ಕಚ್ಚಾ ಫಿಲ್ಮಿಗೆ ಸರಕಾರದ ಹತೋಟಿ ಬಂದಿತ್ತು. ಈ ವರ್ಷಗಳಲ್ಲಿ ದೇವಿಕಾರಾಣಿಯವರು ಹೊಸಬರನ್ನೂ ಹುಡುಕಿದರು. ಯೂಸುಫ್ ಖಾನ್ ಎಂಬ ಹಣ್ಣಿನ ವರ್ತಕರ ಮಗನನ್ನು ನೋಡಿ, ಸ್ವಲ್ಪವೂ ಅನುಭವವಿಲ್ಲದ ಆತನಿಗೆ ತಿಂಗಳಿಗೆ ೧,೨೫೦ ರೂಪಾಯಿ ಸಂಬಳ ಗೊತ್ತುಮಾಡಿ, ದಿಲೀಪ್ ಕುಮಾರ್ ಎಂಬ ಹೊಸ ಹೆಸರು ಕೊಟ್ಟು, ೧೯೪೪ರ ‘ಜ್ವಾರ್ ಭಾಟಾ’ದಲ್ಲಿ ಪರಿಚಯಿಸಿದರು. ಅಷ್ಟು ಸಂಬಳವು ತಿಂಗಳಿಗೋ ವರ್ಷಕ್ಕೋ ಎಂದು ಆ ತರುಣನಿಗೇ ಸಂದೇಹ ಬಂದಿತ್ತಂತೆ. ಆ ಚಿತ್ರ ಗೆಲ್ಲಲಿಲ್ಲ. ಆದರೆ ಆ ಆಯ್ಕೆ ಎಂಥದೆಂಬುದನ್ನು ಮುಂದಿನ ಐವತ್ತು ವರ್ಷಗಳ ಹಿಂದಿ ಚಿತ್ರರಂಗ ತೋರಿಸಿಕೊಟ್ಟಿತು.

೧೯೪೫ರಲ್ಲಿ ದೇವಿಕಾರಾಣಿಯವರು ತಮ್ಮ ಪಾಲಿನ ಶೇರುಗಳನ್ನು ಮಾರಿ ಸಂಸ್ಥೆಯಿಂದ ಹೊರಬಂದರು. ಅದೇ ವರ್ಷ ರಷ್ಯನ್ ಚಿತ್ರಕಾರ ಸ್ವೆತೊಸ್ಲಾವ್ ರೋರಿಚ್ ಅವರನ್ನು ವಿವಾಹವಾದರು. ಆಗ ಅವರಿಗೆ ಮೂವತ್ತೇಳು ವರ್ಷ.

೬

ಅವರ ನಿರ್ಗಮನದ ಬಳಿಕ ಬಾಂಬೇ ಟಾಕೀಸ್ ಒಂಬತ್ತು ವರ್ಷ ಮಾತ್ರ ಬಾಳಿತು. ೧೯೪೭ರ ಸುಮಾರಿಗೆ ಅಶೋಕ ಕುಮಾರರು ಸಾವಕ್ ವಾಚಾ ಅವರೊಡನೆ ಮರಳಿ ಬಂದು ಅದನ್ನು 'ಜಿದ್ದಿ’ (೧೯೪೮), ‘ಮಹಲ್’ (೧೯೪೯) ಚಿತ್ರಗಳಿಂದ ಎತ್ತಿ ನಿಲ್ಲಿಸಲು ಯತ್ನಿಸಿದರು. ೧೯೫೪ರಲ್ಲಿ ಬಂದ ‘ಬಾದ್‌ಬಾನ್’ ಕೆಲಸಗಾರರು ತಮ್ಮ ಸಂಸ್ಥೆಯನ್ನು ಉಳಿಸಿಕೊಳ್ಳಲು ಮಾಡಿದ ಕೊನೆಯ ಯತ್ನ. ಬಾಗಿಲು ಮುಚ್ಚಿತು. ಮಲಾಡಿನ ಪಶ್ಚಿಮದಲ್ಲಿ ‘ಬಾಂಬೇ ಟಾಕೀಸ್ ಕಂಪೌಂಡ್’ ಎಂಬ ಹೆಸರು ಉಳಿದು, ಆ ನೆಲದ ಮೇಲೆ ಚಿಕ್ಕಪುಟ್ಟ ಕಾರಖಾನೆಗಳೂ ಗಾಳೆಗಳೂ ಎದ್ದುವು.

ಇದಕ್ಕೆ ವ್ಯಕ್ತಿಗಳ ಜಗಳವೊಂದೇ ಕಾರಣವೆಂದು ಹೇಳುವುದು ಸರಿಯಲ್ಲ. ಯುದ್ಧಕಾಲದಲ್ಲಿ ಕಾಳಸಂತೆಯಿಂದ ಗಳಿಸಿದ, ಲೆಕ್ಕಕ್ಕೆ ಸಿಗದ ಹಣ ಅಪಾರವಾಗಿ ಚಿತ್ರರಂಗಕ್ಕೆ ಹರಿದುಬಂದಿತು. ಸಂಬಳಕ್ಕೆ ದುಡಿಯುತ್ತಿದ್ದ ನಟನಿಗೆ ಒಂದೊಂದು ಚಿತ್ರಕ್ಕೆ ಲಕ್ಷಗಟ್ಟಲೆ ಕೊಡಬಲ್ಲ ಬಿಡಿ ನಿರ್ಮಾಪಕರು ಹುಟ್ಟಿಕೊಂಡರು. ರಸೀತಿ ಕೊಟ್ಟು, ತೆರಿಗೆ ತೆತ್ತು, ಭಾಗೀದಾರರಿಗೆ ಲೆಕ್ಕ ಒಪ್ಪಿಸಬೇಕಾದ ಲಿಮಿಟೆಡ್ ಕಂಪೆನಿಯು ಈ ಪೈಪೋಟಿಯಲ್ಲಿ ಗೆಲ್ಲುವುದು ಅಸಾಧ್ಯವಾಯಿತು. ಮುಂಬಯಿಯ ಎಸ್. ಕೆ. ಪಾಟೀಲರ ಅಧ್ಯಕ್ಷತೆಯ ಚಲಚ್ಚಿತ್ರ ವಿಚಾರಣಾ ಸಮಿತಿಯು ೧೯೫೧ರ ತನ್ನ ವರದಿಯಲ್ಲಿ ಈ ಅವ್ಯವಸ್ಥೆಯತ್ತ ಬೆರಳು ಮಾಡಿ, ಉದ್ಯಮಕ್ಕೆ ನ್ಯಾಯವಾದ ಸಾಲ ಒದಗಿಸುವ ಸಂಸ್ಥೆ ಬೇಕೆಂದು ಸೂಚಿಸಿತು. ಅಂಥ ಹಣಕಾಸು ನಿಗಮ ಬಂದದ್ದು ೧೯೬೦ರಲ್ಲಿ. ಮಲಾಡಿನ ಪಾಲಿಗೆ ಅದು ತಡವಾಗಿತ್ತು.

ಆದರೂ ಒಂದು ದೌರ್ಬಲ್ಯ ಒಳಗಿನದೆಂಬುದನ್ನು ಒಪ್ಪಬೇಕು. ಕಾಗದದ ಮೇಲೆ ಸಂಸ್ಥೆಯು ಶೇರುದಾರರದಾಗಿದ್ದರೂ ವಾಸ್ತವದಲ್ಲಿ ಅದು ಮೊದಲು ರಾಯರ ಮೇಲೆ, ಬಳಿಕ ದೇವಿಕಾರಾಣಿಯವರ ಮೇಲೆ ನಿಂತಿತ್ತು. ಎರಡನೆಯ ಸಾಲಿನ ಆಡಳಿತಗಾರರು ತಯಾರಾಗಿದ್ದರು, ಅದೂ ಸಮರ್ಥರೇ. ಆದರೆ ಅವರಿಗೆ ಅಧಿಕಾರವನ್ನು ಕ್ರಮವಾಗಿ ಹಸ್ತಾಂತರಿಸುವ ದಾರಿಯನ್ನು ಯಾರೂ ಹಾಕಿರಲಿಲ್ಲ. ಆದ್ದರಿಂದ ಅವರು ಹೊರಗೆ ಹೋಗಿಯೇ ಅಧಿಕಾರ ಪಡೆಯಬೇಕಾಯಿತು.

೭

ರೋರಿಚ್ ದಂಪತಿಗಳು ಕೆಲವು ಕಾಲ ಹಿಮಾಲಯದ ಕುಲ್ಲು ಕಣಿವೆಯಲ್ಲಿದ್ದು ಅನಂತರ ಬೆಂಗಳೂರಿಗೆ ಬಂದರು. ಕನಕಪುರ ರಸ್ತೆಯ ತಾತಗುಣಿಯಲ್ಲಿ ನಾನೂರೈವತ್ತು ಎಕರೆಗೂ ಮಿಕ್ಕಿದ ತೋಟ ಅವರದಾಯಿತು. ಅಲ್ಲಿ ಬೆಳೆಯುತ್ತಿದ್ದುದು ಮೆಕ್ಸಿಕೋ ಮೂಲದ ಲಿನಾಲೋ ಮರ. ಅದರಿಂದ ತೆಗೆದ ಎಣ್ಣೆ ಸುಗಂಧದ್ರವ್ಯ ಮತ್ತು ಸಾಬೂನಿನ ತಯಾರಿಕೆಗೆ ಹೋಗುತ್ತಿತ್ತು. ಸಂಸತ್ತಿನಲ್ಲಿರುವ ನೆಹರೂ ಅವರ ಭಾವಚಿತ್ರವನ್ನು ಬರೆದ ರೋರಿಚ್ ಅವರ ಕೃತಿಗಳನ್ನು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ತನ್ನ ಸಂಗ್ರಹದಲ್ಲಿ ಜೋಪಾನವಾಗಿ ಇರಿಸಿದೆ. ದೇವಿಕಾರಾಣಿಯವರು ಚಿತ್ರರಂಗಕ್ಕೆ ಮರಳಲಿಲ್ಲ. ಬೆಂಗಳೂರಿಗೆ ಬಂದ ಕಾಲದಲ್ಲಿ ಕನ್ನಡ ಚಿತ್ರೋದ್ಯಮವು ಮದರಾಸಿನ ಸ್ಟುಡಿಯೋಗಳನ್ನು ಆಶ್ರಯಿಸಿ ದಿನ ನೂಕುತ್ತಿತ್ತು. ಒಂದು ಸ್ಟುಡಿಯೋವನ್ನು ಕಟ್ಟಿ ನಡೆಸಿದ ಅನುಭವಸ್ಥೆ ತನ್ನ ರಾಜಧಾನಿಯಿಂದ ಹದಿನೈದಿಪ್ಪತ್ತು ಮೈಲಿಯೊಳಗೇ ಇದ್ದರೂ ಆ ಅನುಭವವು ನಮ್ಮ ಉದ್ಯಮಕ್ಕೆ ಒದಗಿ ಬರಲಿಲ್ಲವೆಂಬುದು ವಿಷಾದದ ಸಂಗತಿ.

೧೯೬೯ರ ಪ್ರಶಸ್ತಿಯು ಈ ಹಿನ್ನೆಲೆಯಲ್ಲಿ ಬಂದಿತು. ಅದರ ಮರುವರ್ಷದ ಪ್ರಶಸ್ತಿ ಸಂದದ್ದು ಕಲಕತ್ತೆಯ ‘ನ್ಯೂ ಥಿಯೇಟರ್ಸ್’ ಸಂಸ್ಥಾಪಕ ಬಿ. ಎನ್. ಸರ್ಕಾರರಿಗೆ. ಸರ್ಕಾರರು ನಟರೂ ಅಲ್ಲ, ನಿರ್ದೇಶಕರೂ ಅಲ್ಲ; ಸ್ಟುಡಿಯೋ ಕಟ್ಟಿದವರು. ಮೊದಲ ಎರಡು ವರ್ಷಗಳ ಈ ಆಯ್ಕೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಮಲಾಡು ಮತ್ತು ಕಲಕತ್ತೆಯ ಎರಡು ಮಹಾಸಂಸ್ಥೆಗಳನ್ನು ಅವುಗಳ ಪ್ರವರ್ತಕರ ಮೂಲಕ ರಾಷ್ಟ್ರವು ಗೌರವಿಸಿತೆಂದು ಅರ್ಥಮಾಡಿಕೊಳ್ಳುವುದೇ ಹೆಚ್ಚು ಯುಕ್ತವೆಂದು ನಮಗೆ ತೋರುತ್ತದೆ. ಮುಂದೆ ಇದೇ ಪ್ರಶಸ್ತಿಯು ಕನ್ನಡದ ಡಾ. ರಾಜಕುಮಾರರಿಗೆ ೧೯೯೫ನೆಯ ವರ್ಷಕ್ಕೂ, ಮೈಸೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಗುರುದತ್ತರ ಚಿತ್ರಗಳಿಗೆ ನೆರಳು-ಬೆಳಕು ಕೊಟ್ಟ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರಿಗೆ ೨೦೦೮ನೆಯ ವರ್ಷಕ್ಕೂ ಸಂದಿತು. ದೇವಿಕಾರಾಣಿಯವರಂತೆ ಮೂರ್ತಿಯವರೂ ಮುಂಬಯಿಯ ದುಡಿಮೆ ಮುಗಿಸಿ ಬೆಂಗಳೂರಿನಲ್ಲಿ ಕೊನೆಯ ದಿನಗಳನ್ನು ಕಳೆದರು.

ರೋರಿಚ್ ಅವರು ೧೯೯೩ರ ಜನವರಿ ೩೦ರಂದು, ದೇವಿಕಾರಾಣಿಯವರು ೧೯೯೪ರ ಮಾರ್ಚ್ ೯ರಂದು ಬೆಂಗಳೂರಿನಲ್ಲಿ ನಿಧನರಾದರು. ಮಕ್ಕಳಿರಲಿಲ್ಲ. ತೋಟದ ಒಂದು ಭಾಗ ತನಗೆ ಮಾರಾಟವಾಗಿದೆಯೆಂದು ಒಂದು ಖಾಸಗಿ ಕಂಪೆನಿಯು ಹಕ್ಕು ಸಾಧಿಸಿತು. ಭೂಮಿ, ಚಿತ್ರಗಳು, ಒಡವೆವಸ್ತುಗಳು ಎಲ್ಲದರ ಮೇಲೂ ವಿವಾದವೆದ್ದಿತು. ಕರ್ನಾಟಕ ಸರಕಾರವು ೧೯೯೬ರಲ್ಲಿ ಇದಕ್ಕಾಗಿಯೇ ಒಂದು ಅಧಿನಿಯಮವನ್ನು ಮಾಡಿ ಎಸ್ಟೇಟನ್ನು ಸ್ವಾಧೀನಪಡಿಸಿಕೊಳ್ಳಹೊರಟಿತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದವರೆಗೆ ಹೋಗಿ, ೨೦೧೧ರ ಆಗಸ್ಟ್ ೯ರಂದು ಸರಕಾರದ ಅಧಿನಿಯಮವು ಸಿಂಧುವೆಂದು ತೀರ್ಪಾಯಿತು. ಆಸ್ತಿಯ ಹಕ್ಕನ್ನು ಕುರಿತ ಸಂವಿಧಾನದ ೩೦೦-ಎ ವಿಧಿಯ ವ್ಯಾಖ್ಯಾನಕ್ಕೆ ಈ ತೀರ್ಪು ಆಧಾರವಾಗಿ, ಕಾನೂನಿನ ವಿದ್ಯಾರ್ಥಿಗಳು ತಾತಗುಣಿಯ ಹೆಸರನ್ನು ಓದುವಂತಾಯಿತು. ಅದೇ ೨೦೧೧ರಲ್ಲಿ ಅಂಚೆ ಇಲಾಖೆಯು ಭಾರತದ ಹೆಸರಾಂತ ನಾಯಿಕೆಯರ ಮಾಲಿಕೆಯಲ್ಲಿ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಒಂದೇ ವರ್ಷ ಅವರ ಮುಖ ಲಕೋಟೆಗಳ ಮೇಲೂ, ಅವರ ಭೂಮಿ ನ್ಯಾಯಾಲಯದ ವರದಿಗಳಲ್ಲೂ ಕಾಣಿಸಿಕೊಂಡವು. ಅವರು ಕಟ್ಟಿದ ಕಂಪೆನಿಯ ಮಾತು ಎಲ್ಲಿಯೂ ಬರಲಿಲ್ಲ.

೮

ದೇವಿಕಾರಾಣಿಯವರ ಬಾಳಿನಲ್ಲಿ ಎರಡು ಬಾರಿ ದೊಡ್ಡ ಆಸ್ತಿಯೊಂದು ಅವರ ಕೈಯಲ್ಲಿತ್ತು: ಮಲಾಡಿನ ಸ್ಟುಡಿಯೋ, ತಾತಗುಣಿಯ ತೋಟ. ಎರಡನ್ನೂ ಅವರು ದಕ್ಷತೆಯಿಂದ ನಡೆಸಿದರು. ಎರಡಕ್ಕೂ ಕ್ರಮವಾದ ವಾರಸಿಕೆ ಏರ್ಪಡಲಿಲ್ಲ. ಒಂದು ಕಾರಖಾನೆಗಳ ಪಾಲಾಯಿತು, ಇನ್ನೊಂದು ಹದಿನೇಳು ವರ್ಷ ವ್ಯಾಜ್ಯದಲ್ಲಿ ತೂಗಾಡಿತು. ಇದನ್ನು ಅವರ ವೈಯಕ್ತಿಕ ದೋಷವೆಂದು ಎಣಿಸುವುದು ಅನ್ಯಾಯ. ಸಂಸ್ಥೆಗಳನ್ನು ಹುಟ್ಟಿಸುವುದರಲ್ಲಿ ನಮಗಿರುವ ಉತ್ಸಾಹ ಅವುಗಳನ್ನು ಮುಂದಿನ ಪೀಳಿಗೆಗೆ ದಾಟಿಸುವುದರಲ್ಲಿ ಇಲ್ಲವೆಂಬುದು ಎಲ್ಲೆಡೆಯ ಅನುಭವ. ಮುಂಬಯಿಯ ಕನ್ನಡಿಗರು ತಮ್ಮ ಸಂಘಗಳನ್ನೂ, ರಾತ್ರಿಶಾಲೆಗಳನ್ನೂ, ವಾಚನಾಲಯಗಳನ್ನೂ ಹೊಟ್ಟೆಬಟ್ಟೆ ಕಟ್ಟಿ ಕಟ್ಟಿದವರು. ಅವುಗಳಲ್ಲಿ ಎಷ್ಟು ಒಬ್ಬಿಬ್ಬರ ಹೆಗಲ ಮೇಲೆ ನಿಂತಿವೆ, ಆ ಹೆಗಲು ಸರಿದಾಗ ಏನಾದೀತು ಎಂಬ ಲೆಕ್ಕವನ್ನು ಒಮ್ಮೆ ತೆಗೆದು ನೋಡುವುದು ಅವಶ್ಯ.

ನಟಿಯರ ಚರಿತ್ರೆಯನ್ನು ಬರೆಯುವವರು ಇನ್ನು ಮುಂದಾದರೂ ತೆರೆಯ ಮೇಲಿನ ಮುಖದ ಜೊತೆಗೆ ಅವರು ಸಹಿ ಹಾಕಿದ ಕಾಗದಗಳನ್ನೂ ಪರಿಶೀಲಿಸಬೇಕು. ಮುಂಬಯಿಯ ಚಿತ್ರಕಂಪೆನಿಗಳ ಹಳೆಯ ಸಂಬಳಪಟ್ಟಿಗಳು, ಕರಾರುಪತ್ರಗಳು, ಶೇರುದಾರರ ಸಭೆಯ ನಡವಳಿಗಳು ಸಿಕ್ಕಿದಷ್ಟನ್ನು ಸಂಗ್ರಹಿಸಿದರೆ, ಅವುಗಳಲ್ಲಿ ಧಾರವಾಡದ, ಬೀಳಗಿಯ, ಹುಬ್ಬಳ್ಳಿಯ, ಕಾರವಾರದ ಎಷ್ಟೋ ಹೆಣ್ಣುಮಕ್ಕಳ ಹೆಸರು, ಅವರು ಪಡೆದ ಸಂಬಳ, ದುಡಿದ ದಿನಗಳು ತಿಳಿದುಬಂದಾವು. ಈ ಕೆಲಸವನ್ನು ಕೈಗೊಳ್ಳಲು ಈ ನಗರದಲ್ಲಿ ನೆಲಸಿರುವ ಕನ್ನಡ ಸಂಶೋಧಕರಿಗಿಂತ ಹೆಚ್ಚು ಅನುಕೂಲ ಬೇರೆ ಯಾರಿಗೂ ಇಲ್ಲ. ಮಲಾಡು ಲೋಕಲ್ ರೈಲಿನ ಒಂದು ನಿಲ್ದಾಣದಷ್ಟೇ ದೂರದಲ್ಲಿದೆ.